ಟೇಪಿನ ಮುಂದೆ ಹಿಡಿದ ಹೊಟ್ಟೆ

ಈ ಉಪಾಯವನ್ನು ನನಗೆ ಮೊದಲು ಹೇಳಿಕೊಟ್ಟವನು ಶಿವಣ್ಣ. ನಮ್ಮೂರಿನಿಂದ ಮಾರ್ಕೆಟ್ಟಿಗೆ ಸೊಪ್ಪು ತರುವವನು. ಊರಿನ ತಪಾಸಣೆಯಲ್ಲಿ ಮೊದಲು ಸೊಂಟ ಅಳೆದು, ದಪ್ಪ ಇದ್ದವರನ್ನೇ ಬೀಪಿಗೆ ಕೂರಿಸಿದರಂತೆ. “ಹೊಟ್ಟೆ ಒಳಗೆ ಎಳ್ಕೊಂಡೆ, ಬಿಟ್ಬಿಟ್ರು!” ಅಂದ.

ಆಮೇಲೆ ಚಾಮರಾಜಪೇಟೆಯ ನಮ್ಮ ದೇವಸ್ಥಾನದಲ್ಲೂ ಅಂಥದ್ದೇ ತಪಾಸಣೆ ಇಟ್ಟರು. ಬೀಪಿ ಇದೆಯೆಂದರೆ ಮನೆಯವಳು ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸುವುದು ಖಂಡಿತ. ಅವಳು ಹಿಂದೆಯೇ ನಿಂತಿದ್ದಳು. ನಾನು ಉಸಿರು ಕಟ್ಟಿ, ಹೊಟ್ಟೆಯನ್ನು ಬೆನ್ನಿಗಂಟಿಸಿ ನಿಂತೆ.

ನರ್ಸಮ್ಮ ಟೇಪು ಸುತ್ತಿದರು. “ಯಜಮಾನ್ರೇ, ಉಸಿರು ಬಿಡಿ.”

ನಾನು ಬಿಡಲಿಲ್ಲ. ಆಕೆ ನನ್ನ ಹಣೆಯ ವಿಭೂತಿ ನೋಡಿ, ಮೆಲ್ಲಗೆ ನಕ್ಕು, “ನಮಃ ಪಾರ್ವತೀಪತಯೇ...” ಎಂದರು.

ಹುಟ್ಟಿನಿಂದ ಬಂದ ಅಭ್ಯಾಸ, ಸುಮ್ಮನಿರುವುದುಂಟೇ? “ಹರ ಹರ ಮಹಾದೇವ!” ಎಂದು ಗಂಟಲು ಬಿಚ್ಚಿ ಕೂಗಿಬಿಟ್ಟೆ. ಹೊಟ್ಟೆ ಟೇಪಿನ ಮೇಲೆ ಧುಮುಕಿತು.

“ಈಗ ಸರಿಯಾಗ್ ಬಂತು. ಹೋಗಿ, ಆ ಕುರ್ಚಿ ಮೇಲೆ ಕೂತ್ಕೊಳ್ಳಿ.”

ಬೀಪಿಯೂ ಜಾಸ್ತಿಯೇ ಇತ್ತು. “ದೇವರು ದೊಡ್ಡೋನು,” ಅಂದಳು ನನ್ನವಳು. ಭರಣಿ ಈಗ ಅಟ್ಟದಲ್ಲಿದೆ.

ಶಿವಣ್ಣ ಮಾತ್ರ ಇವತ್ತಿಗೂ ಉಪ್ಪಿನಕಾಯಿ ನೆಕ್ಕುತ್ತಿದ್ದಾನೆ. ನಮ್ಮೂರ ಕಡೆ ಹೋಗುವವರಿದ್ದರೆ ಅಲ್ಲಿನ ನರ್ಸಮ್ಮನಿಗೆ ಈ ಕಥೆಯನ್ನು ದಯವಿಟ್ಟು ಮುಟ್ಟಿಸಿ. ಅವನೂ ವಿಭೂತಿ ಇಡುವವನೇ.