ಮುತ್ತಿನ ಸೆಟ್ಟಿಯ ಮಂಟಪದ ಗೌರಕ್ಕ

ಗೌರಕ್ಕ ಸೌಟು ಹಿಡಿದೇ ಇತಿಹಾಸ ಹೇಳುತ್ತಿದ್ದಳು. ಹಂಪಿ ಬಜಾರಿನಲ್ಲಿ, ವಿರೂಪಾಕ್ಷ ಗುಡಿಯ ಎದುರಿನ ಸಾಲು ಮಂಟಪಗಳಲ್ಲೊಂದು ಅವಳ ಮನೆ, ಹೋಟೆಲು ಎರಡೂ ಆಗಿತ್ತು. ಒಲೆಯ ಮುಂದಿನಿಂದ ಏಳದೆ ಸೌಟು ಚಾಚಿ ತೋರಿಸುವಳು: ಅಲ್ಲಿ ರತ್ನದ ಅಂಗಡಿ, ಇಲ್ಲಿ ರೇಷ್ಮೆ, ಆಚೆ ಸಾಹುಕಾರರ ಮಹಡಿ ಮನೆ. ತನ್ನದು ಮುತ್ತಿನ ಸೆಟ್ಟಿಯ ಮಂಟಪವೆಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು. "ದಿನಾ ಕಸ ಹೊಡಿಯೋ ಮುಂದ ಒಂದು ಮುತ್ತರ ಸಿಗತೈತೇನಂತ ನೋಡತೀನಿ. ಬರೇ ಅಕ್ಕಿ ನುಚ್ಚು ಸಿಗತೈತಿ," ಎಂದು ನಗುವಳು.

ನಾನು ಸಂಡೂರಿನವನು. ಹೈಸ್ಕೂಲು ಮುಗಿಸಿ ಹಂಪಿಗೆ ಬಂದು ಗೈಡ್ ಆದೆ. ಪುಸ್ತಕದ್ದನ್ನು ಉರು ಹೊಡೆದು ಒಪ್ಪಿಸಿದರೆ ಮಂದಿ ಆಕಳಿಸುತ್ತಿದ್ದರು. ಅದನ್ನು ನೋಡಿ ಗೌರಕ್ಕ ಕರೆದಳು. "ಲೇ ತಮ್ಮಾ, ಸತ್ತೋರ ಸುದ್ದಿ ಹೇಳಿದಂಗ ಹೇಳತೀಯಲ್ಲ. ಇದು ಬಜಾರ ಐತಿ. ಮಂದೀನ ಅಂಗಡಿ ಹತ್ತಿಸು, ಚೌಕಾಸಿ ಮಾಡಸು." ಅಂದಿನಿಂದ ನಾನು ಪ್ರವಾಸಿಗರನ್ನು ಖಾಲಿ ಮಂಟಪದ ಮುಂದೆ ನಿಲ್ಲಿಸಿ, ಇಲ್ಲದ ಮುತ್ತಿಗೆ ರೇಟು ಕೇಳಿಸತೊಡಗಿದೆ. ಜನ ಬಿದ್ದು ಬಿದ್ದು ನಕ್ಕರು. ನನ್ನ ಹೆಸರು ಹೊಸಪೇಟೆಯ ಲಾಡ್ಜುಗಳವರೆಗೆ ಹೋಯಿತು. ಅದು ಅವಳು ಕೊಟ್ಟ ವಿದ್ಯೆ ಎಂದು ಯಾರಿಗೂ ಹೇಳಲಿಲ್ಲ.

ನಿಜದ ಚೌಕಾಸಿಯಲ್ಲೂ ಅವಳನ್ನು ಮೀರಿಸುವವರಿರಲಿಲ್ಲ. ತನ್ನಲ್ಲಿ ಉಂಡವರು ಪಕ್ಕದಲ್ಲಿ ಮಣಿಸರ ಕೊಳ್ಳಲು ಹೋದರೆ ಹಿಂದೆಯೇ ಹೋಗಿ ಅಂಗಡಿಯವನನ್ನು ಬೈಯುವಳು: "ನಿನಗಿಂತ ಮುಂಚೆ ಇಲ್ಲಿ ಕುಂತೋರು ಮುತ್ತು ಮಾರಿದ್ರು. ನೀ ಗಾಜು ಮಾರತೀ, ರೇಟು ಮಾತ್ರ ಅವರದು." ಅವನು ನಗುತ್ತಲೇ ಇಳಿಸುತ್ತಿದ್ದ. ಪರದೇಶದವರನ್ನು ಬೀಗರು ಎನ್ನುತ್ತಿದ್ದಳು. ಜ್ವರ ಬಂದು ಮಲಗಿದ್ದ ಒಬ್ಬ ಬಿಳಿ ಹುಡುಗಿಗೆ ಒಂದು ವಾರ ಗಂಜಿ ಕುಡಿಸಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಹೊರಡುವಾಗ ಇಬ್ಬರೂ ಅತ್ತರು.

ಆಮೇಲೆ, ಹಳೆಯ ಮಂಟಪಗಳಲ್ಲಿ ಇರುವವರೆಲ್ಲ ಒತ್ತುವರಿದಾರರೆಂದು ಸರ್ಕಾರ ಬೀದಿ ತೆರವು ಮಾಡಿಸಿತು. ಯಂತ್ರ ಬಂದು ಗೋಡೆ ಕೆಡವಿದಾಗ ಗೌರಕ್ಕ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಕಂಪ್ಲಿಯ ಮಗನ ಮನೆಗೆ ಹೊರಟವಳು ನನ್ನ ಕೈ ಹಿಡಿದು ಒಂದೇ ಒಂದು ಕೇಳಿದಳು. "ಮಂದಿಗೆ ಹೇಳೋ ಮುಂದ ನಂದೂ ಒಂದು ಮಾತು ಹೇಳು ತಮ್ಮಾ. ರಾಜರ ಸಾಲಿನಾಗ ಬ್ಯಾಡ, ಬಾಜೂಕ. ಇಲ್ಲಿ ಒಬ್ಬಾಕಿ ಅನ್ನ ಹಾಕತಿದ್ಲು ಅನ್ನು, ಸಾಕು."

"ಆತಕ್ಕ," ಅಂದೆ.

ಕೆಲವು ದಿನ ಹೇಳಿದೆ ಕೂಡ. ಜನ ಫೋನು ನೋಡಿಕೊಳ್ಳುತ್ತಿದ್ದರು. ರಾಜರ ಕಾಲದ ಸಿರಿವಂತ ಪೇಟೆ ನೋಡಲು ಬಂದವರಿಗೆ ಅನ್ನ ಸಾರಿನ ಹೋಟೆಲು ಬೇಕಿರಲಿಲ್ಲ. ಒಬ್ಬರು, ಹಾಗಾದರೆ ಅವರೆಲ್ಲ ಒತ್ತುವರಿ ಮಾಡಿಕೊಂಡಿದ್ದವರಾ ಎಂದು ಕೇಳಿದರು. ಹೌದು ಅಂದೆ. ಹಾಗಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಬರಬರುತ್ತಾ ಅದೇ ನನ್ನ ಪಾಠವಾಯಿತು. ಹಾಗೆ ಹೇಳೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ದಾವಣಗೆರೆಯ ಗುಂಪೊಂದಕ್ಕೆ ಬೀದಿ ತೋರಿಸುತ್ತಿದ್ದೆ. ಮುತ್ತು, ರತ್ನ, ಚೌಕಾಸಿ ಎಲ್ಲ ಆಯಿತು. "ನಡುವ ಒಂದಿಷ್ಟು ಒತ್ತುವರಿ ಮಂದಿ ಬಂದು ಕುಂತು ಕಲ್ಲಿಗೆಲ್ಲ ಹೊಗೆ ಹಿಡಿಸಿದ್ರು. ಈಗ ಸ್ವಚ್ಛ ಆಗೈತಿ," ಅಂದೆ. ಗುಂಪಿನ ಹಿಂದಿನಿಂದ ಒಂದು ದನಿ ಬಂತು.

"ಗೈಡ್ ಸಾಹೇಬ್ರ, ಆ ಮಂದಿ ಯಾರಿಗರ ಅನ್ನ ಹಾಕತಿದ್ರೇನ್ರಿ?"

ತಲೆಯ ಮೇಲೆ ಸೆರಗು ಹೊದ್ದ ಗೌರಕ್ಕ. ಪಕ್ಕದಲ್ಲಿ ಸೊಸೆ. ಸೊಸೆಗೆ ತಾನಿದ್ದ ಜಾಗ ತೋರಿಸಲು ಬಂದಿದ್ದಳೆಂದು ಆಮೇಲೆ ತಿಳಿಯಿತು. ದಾವಣಗೆರೆಯವರೆಲ್ಲ ನನ್ನ ಮುಖ ನೋಡಿದರು. ಹೌದು ಅಂದಿದ್ದರೆ ಸಾಕಿತ್ತು.

"ನನಗ ಗೊತ್ತಿಲ್ಲಮ್ಮ," ಅಂದೆ.

ಅವಳೂ ನನ್ನ ಮುಖ ನೋಡಿದಳು. ಆಮೇಲೆ ಸೊಸೆಗೆ, "ನಡಿಯವ್ವ, ಬಸ್ಸಿಗೆ ಹೊತ್ತಾತು," ಅಂದಳು. ಹಿಂದೆ ಓಡಿ ಹೋಗಬಹುದಿತ್ತು. ನಾನು ಗುಂಪನ್ನು ಮುಂದಿನ ಮಂಟಪಕ್ಕೆ ಕರೆದುಕೊಂಡು ಹೋದೆ.

ಅವಳು ತೀರಿಕೊಂಡ ಸುದ್ದಿ ತಡವಾಗಿ ಮುಟ್ಟಿತು. ಕಂಪ್ಲಿಗೆ ಹೋದೆ. ಸೊಸೆ ಗುರುತು ಹಿಡಿದಳು, ನೀರು ಕೊಟ್ಟಳು, ಕುಂದ್ರಿ ಅನ್ನಲಿಲ್ಲ. ಅವತ್ತು ಬಸ್ಸಿನಲ್ಲಿ ಅತ್ತೆ ಏನಾದರೂ ಅಂದರಾ ಎಂದು ನಾನೇ ಕೇಳಿದೆ. ಅವಳು ಖಾಲಿ ಲೋಟ ಇಸಿದುಕೊಂಡು ಹೇಳಿದಳು.

"ನಾನು ನಿಮ್ಮನ್ನ ಬೈಯಾಕ ಹತ್ತಿದ್ದೆ ರೀ. ಅತ್ತಿ ಸುಮ್ಮನಿರು ಅಂದ್ರು. 'ಪಾಪ, ಹೊತ್ತು ಮೀರಿತ್ತು, ಇನ್ನೂ ಉಂಡಿರಲಿಲ್ಲ ಕಾಣತೈತಿ, ಮುಖ ಬಾಡಿತ್ತು' ಅಂದ್ರು."

ನಾನು ಉಂಡಿದ್ದೆ. ಅದೇ ಗುಂಪಿನ ಜೊತೆ, ಹೊಸಪೇಟೆಯ ದೊಡ್ಡ ಹೋಟೆಲಿನಲ್ಲಿ, ಹೊಟ್ಟೆ ತುಂಬ ಉಂಡೇ ಹೋಗಿದ್ದೆ.