ತೆಗೆಯದೆ ಉಳಿದ ಸಾಲು

ಆ ಮಧ್ಯಾಹ್ನವನ್ನು ಎಷ್ಟು ಸಲ ಮತ್ತೆ ನೋಡಿದ್ದೇನೋ ಗೊತ್ತಿಲ್ಲ. ಕೆ.ಆರ್. ಪುರದ ಆಚೆಗಿನ ಉಕ್ಕಿನ ಶೆಡ್ಡು. ತಲೆಯ ಮೇಲೆ ಹಳಿಗಳಲ್ಲಿ ಸರಿಯುವ ಕ್ರೇನು, ಅದರ ಕೊಕ್ಕೆಗೆ ಸರಪಳಿ ಹಾಕಿ ತೂಗುಬಿಟ್ಟ ಪೈಪುಗಳ ಕಟ್ಟು. ಕೆಳಗೆ ಕಂಬಕ್ಕೆ ಬೆನ್ನು ಕೊಟ್ಟು ಸರಪಳಿ ಕಟ್ಟುವವನು ಕೈಸನ್ನೆ ಮಾಡುತ್ತಿದ್ದ. ಇಪ್ಪತ್ತು ಹೆಜ್ಜೆ ದೂರದಲ್ಲಿ ಕ್ರೇನಿನ ಆಪರೇಟರ್, ಐವತ್ತು ದಾಟಿದವರು, ಸೊಂಟಕ್ಕೆ ರಿಮೋಟಿನ ಪೆಟ್ಟಿಗೆ ಬಿಗಿದುಕೊಂಡು ನಿಂತಿದ್ದರು. ಸರಪಳಿಯವನು ಅವರ ಅಳಿಯ. ನಾನು ಆಪರೇಟರ ಪಕ್ಕದಲ್ಲೇ ಇದ್ದೆ.

ಆ ರಿಮೋಟಿನಲ್ಲೂ ಕ್ರೇನಿನ ಮೇಲಿನ ಪುಟ್ಟ ಕಂಪ್ಯೂಟರಿನಲ್ಲೂ ಇದ್ದದ್ದು ನಮ್ಮ ವೈರ್‌ಲೆಸ್ ಕಾರ್ಡು. ನಾನು ಬರೆಯುತ್ತಿದ್ದುದು ಅದರ ಡ್ರೈವರನ್ನು. ಕಾರ್ಡಿನ ಪರವಾಗಿ ಕಂಪ್ಯೂಟರಿಗೆ ಉತ್ತರ ಕೊಡುವ ಪ್ರೋಗ್ರಾಂ ಅದು. ನಿನಗೆ ಏನೇನು ಬರುತ್ತದೆ ಎಂದು ಕಂಪ್ಯೂಟರ್ ಕೇಳುತ್ತದೆ, ಡ್ರೈವರ್ ಒಂದು ಪಟ್ಟಿ ಕೊಡುತ್ತದೆ: ಇಷ್ಟು ಚಾನೆಲ್, ಇಷ್ಟು ಶಕ್ತಿ, ಇಂತಿಂಥ ಕೆಲಸ. ಪಟ್ಟಿಯಲ್ಲಿ ಇದ್ದದ್ದು ಬಳಸುವವರ ಪರದೆಯ ಮೇಲೆ ಕಾಣಿಸುತ್ತದೆ, ಇಲ್ಲದ್ದು ಕಾಣಿಸುವುದಿಲ್ಲ. ಕಾರ್ಡಿಗೆ ನಿಜವಾಗಿ ಬರುತ್ತದೋ ಇಲ್ಲವೋ ಎಂದು ಯಾರೂ ಕಾರ್ಡನ್ನೇ ಕೇಳುವುದಿಲ್ಲ.

ಇಂದಿರಾನಗರದ ಒಂದು ಮನೆಯ ಎರಡನೆಯ ಮಹಡಿಯಲ್ಲಿ ನಮ್ಮ ಆಫೀಸು. ಹೊಸ ಕಾರ್ಡು ಬಂದಾಗ ಹಳೆಯ ಕಾರ್ಡಿನ ಪಟ್ಟಿಯನ್ನು ನಕಲು ಮಾಡಿಕೊಂಡೇ ಕೆಲಸ ಶುರು ಮಾಡುವುದು ಅಲ್ಲಿನ ರೂಢಿ.

"ಕಾಪಿ ಹೊಡ್ಕೊ ಮಗಾ, ಟೆಸ್ಟಲ್ಲಿ ಬಿದ್ದಿದ್ದನ್ನ ಕಿತ್ತಾಕು. ಬೀಳ್ದೇ ಇರೋದನ್ನ ಯಾಕೆ ಮುಟ್ತೀಯ?" ಎನ್ನುತ್ತಿದ್ದರು ನನ್ನ ಸೀನಿಯರ್. ನಾನೂ ಹಾಗೇ ಮಾಡಿದೆ.

ಹಳೆಯ ಕಾರ್ಡಿನಲ್ಲಿ ಎರಡು ರೇಡಿಯೊ ಇದ್ದವು. ಒಂದು ಮಾತು ಮುಂದುವರಿಸುತ್ತಿದ್ದರೆ ಇನ್ನೊಂದು ಬೇರೆ ಚಾನೆಲ್‌ಗಳಿಗೆ ಕಿವಿಗೊಡುತ್ತಿತ್ತು. ಹೊಸದರಲ್ಲಿ ಒಂದೇ ರೇಡಿಯೊ. ಅದು ಬೇರೆ ಚಾನೆಲ್ ಕೇಳಲು ಹೋದರೆ ಅಷ್ಟು ಹೊತ್ತು ಇಲ್ಲಿ ಕಿವುಡು. ಆದರೆ "ಸಂಪರ್ಕ ಕಡಿಯದೆ ಹುಡುಕಬಲ್ಲದು" ಎನ್ನುವ ಸಾಲು ನನ್ನ ಪಟ್ಟಿಯಲ್ಲಿ ಉಳಿದುಬಿಟ್ಟಿತು. ನಾವು ಟೆಸ್ಟ್ ಮಾಡುವುದು ಹೊರಗಿನ ಸಿಗ್ನಲ್ ಒಂದೂ ನುಗ್ಗದ ಲೋಹದ ಪೆಟ್ಟಿಗೆಯಲ್ಲಿ. ಅಲ್ಲಿ ಹುಡುಕಲು ಏನೂ ಇರಲಿಲ್ಲ, ಕಾರ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಬರುತ್ತಿತ್ತು. ಆ ಸಾಲು ಟೆಸ್ಟಿನಲ್ಲಿ ಬೀಳಲಿಲ್ಲ.

ಹೊಸ ರಿಮೋಟ್ ಹೇಗೆ ನಡೆಯುತ್ತದೆಂದು ನೋಡಲು ಸೀನಿಯರೂ ನಾನೂ ಶೆಡ್ಡಿಗೆ ಹೋಗಿದ್ದೆವು. ಆಪರೇಟರ್ ರಿಮೋಟಿನ ಪರದೆ ತೋರಿಸಿ ನನ್ನನ್ನು ಕೇಳಿದರು.

"ಇದೇನ್ ಮೇಡಂ, 'ಸದಾ ಒಳ್ಳೇ ಚಾನೆಲ್ ಹುಡುಕು' ಅಂತಿದೆ. ಹಾಕ್ಲಾ, ಬೇಡ್ವಾ?"

"ಹಾಕ್ಕೊಳ್ಳಿ, ಒಳ್ಳೇದೇ. ಸಂಪರ್ಕ ಏನೂ ಕಡಿಯಲ್ಲ," ಎಂದೆ.

"ನೋಡಿ ಮತ್ತೆ, ಅಲ್ಲಿ ನಿಂತಿರೋದು ನಮ್ಮ ಮನೆ ಅಳಿಯ. ಹೆಚ್ಚುಕಮ್ಮಿ ಆದ್ರೆ ಮಗಳು ನಂಗೆ ಅನ್ನ ಹಾಕಲ್ಲ," ಎಂದು ನಕ್ಕು ಟಿಕ್ ಹಾಕಿದರು.

ಪೈಪುಗಳು ಕಂಬದ ಕಡೆ ಸರಿದವು. ನಿಲ್ಲಿಸು ಎಂದು ಅಳಿಯ ಅಂಗೈ ಎತ್ತಿದ. ಆಪರೇಟರ ಹೆಬ್ಬೆರಳು ಕೆಂಪು ಬಟನ್ನಿನ ಮೇಲೆ ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ. ಅಂಗೈ ಎತ್ತಿದ ಕ್ಷಣದಲ್ಲೇ ಇಳಿಯಿತು. ಕ್ರೇನು ನಿಲ್ಲಲಿಲ್ಲ. ಅವರು ಮತ್ತೆ ಒತ್ತಿದರು, ಮತ್ತೆ ಮತ್ತೆ ಒತ್ತಿದರು. "ಹಟ್ ಜಾ!" ಎಂದು ಕೂಗಿದರು. ಪಕ್ಕಕ್ಕೆ ಸರಿಯಲು ಹೋಗಿ ಅಳಿಯನ ಕಾಲು ಎಣ್ಣೆಯ ಮೇಲೆ ಜಾರಿತು, ಅವನು ಬಿದ್ದ. ಅವನ ಎದೆ ಇದ್ದ ಎತ್ತರಕ್ಕೆ ಸರಿಯಾಗಿ ಪೈಪುಗಳು ಕಂಬಕ್ಕೆ ಬಡಿದವು. ಈಗಲೂ ಬಸ್ಸಿನ ಬಾಗಿಲು ಬಡಿದರೆ ನನಗೆ ಆ ಸದ್ದೇ ಕೇಳಿಸುತ್ತದೆ.

ಸಂಪರ್ಕ ಕಡಿದರೆ ಕ್ರೇನು ತಾನೇ ನಿಲ್ಲಬೇಕು. ಅದಕ್ಕಾಗಿ ಕ್ರೇನಿನ ಕಂಪ್ಯೂಟರ್ ಡ್ರೈವರನ್ನು ಆಗಾಗ ಕೇಳುತ್ತಿರುತ್ತದೆ: ಸಂಪರ್ಕ ಇದೆಯೇ? ಶೆಡ್ಡಿನ ತುಂಬ ಬೇರೆ ಬೇರೆ ಸಿಗ್ನಲ್‌ಗಳು. ಕ್ರೇನಿನ ಕಾರ್ಡು ಒಂದೊಂದು ಚಾನೆಲ್ಲಿನಲ್ಲೂ ನಿಂತು ಕೇಳುತ್ತಿತ್ತು, ಅಷ್ಟು ಹೊತ್ತು ರಿಮೋಟಿನ ಆಜ್ಞೆ ಅದಕ್ಕೆ ಕೇಳಿಸಲಿಲ್ಲ. ಹುಡುಕುವಾಗ ಸಂಪರ್ಕ ಕಡಿಯುವುದಿಲ್ಲ ಎಂದು ಪಟ್ಟಿಯಲ್ಲೇ ಇತ್ತಲ್ಲ, ಡ್ರೈವರ್ ಇದೆ, ಇದೆ ಎನ್ನುತ್ತಲೇ ಹೋಯಿತು.

ಅಳಿಯ ಎದ್ದು ಕೂತ. ಮೊಣಕೈ ತರಚಿತ್ತು, ಅಷ್ಟೇ. ಸೂಪರ್‌ವೈಸರ್ ಓಡಿ ಬಂದು ಆಪರೇಟರ ಮೇಲೆ ಎಗರಿದರು.

"ಏನ್ರೀ, ಕಣ್ಣು ಎಲ್ಲಿಟ್ಟಿದ್ರಿ? ಲೇಟಾಗಿ ಒತ್ತಿದ್ರಾ?"

ಆಪರೇಟರ್ ತಮ್ಮ ಕೈಯನ್ನೇ ನೋಡುತ್ತಿದ್ದರು. ಸೂಪರ್‌ವೈಸರ್ ನಮ್ಮ ಕಡೆ ತಿರುಗಿದಾಗ ಸೀನಿಯರ್, "ಚೆಕ್ ಮಾಡಿ ಹೇಳ್ತೀವಿ ಸಾರ್," ಎಂದರು. ನಾನು ಬಾಯಿ ಬಿಡಲಿಲ್ಲ. ನೋಡಿದ್ದೆ, ಆದರೂ ಬಿಡಲಿಲ್ಲ.

ಬಟನ್ ಒತ್ತಿದ ಹೊತ್ತು ರಿಮೋಟಿನಲ್ಲಿ ದಾಖಲಾಗಿತ್ತು. ಆ ಆಜ್ಞೆ ಮುಟ್ಟಿದ ಹೊತ್ತು ಕ್ರೇನಿನಲ್ಲಿತ್ತು. ಅವೆರಡರ ನಡುವೆ ಇದ್ದದ್ದು ನನ್ನ ಸಾಲು. ಅದನ್ನು ಹುಡುಕಿ ಖಾತ್ರಿ ಮಾಡಿಕೊಳ್ಳಲು ನಾಲ್ಕು ದಿನ ಹಿಡಿಯಿತು.

"ಸಿಗ್ನಲ್ ಅಡಚಣೆ ಅಂತ ಬರಿ, ಸಾಕು. ಸುಳ್ಳೇನಲ್ವಲ್ಲ," ಎಂದರು ಸೀನಿಯರ್.

ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ಓದಿ, ಒಂದು ಪದವನ್ನೂ ಬದಲಿಸದೆ ಶೆಡ್ಡಿನವರಿಗೆ ಕಳಿಸಿದರು. ಸಾಲು ಅಳಿಸಿದೆವು, ಪರದೆಯಿಂದ ಆ ಟಿಕ್ ಮಾಯವಾಯಿತು. ಆದರೆ "ಬಟನ್ ತಡವಾಗಿ ಒತ್ತಿದ್ದು ನನ್ನ ತಪ್ಪು" ಎಂಬ ಪತ್ರಕ್ಕೆ ಶೆಡ್ಡಿನವರು ಆವತ್ತು ಸಂಜೆಯೇ ಆಪರೇಟರಿಂದ ಸಹಿ ಹಾಕಿಸಿಕೊಂಡಿದ್ದರು. ಅವರನ್ನು ಗೋದಾಮಿಗೆ ಹಾಕಿದ್ದಾರೆಂದೂ ತಿಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಶಿವಾಜಿನಗರದಲ್ಲಿ, ಅವರ ಮನೆಯ ಹತ್ತಿರದ ಚಹಾ ಅಂಗಡಿಯಲ್ಲಿ ಅವರನ್ನು ಕಂಡೆ. ಎಲ್ಲವನ್ನೂ ಹೇಳಿದೆ.

"ಇಲ್ಲ ಮೇಡಂ, ನನ್ ಕೈನೇ ಲೇಟಾಯ್ತು," ಎಂದರು. "ವಯಸ್ಸಾಯ್ತಲ್ಲ. ಮಿಷಿನ್ ಯಾಕೆ ಸುಳ್ಳು ಹೇಳುತ್ತೆ?"

"ಮಿಷಿನ್ ಅಲ್ಲ, ಅದರ ಕೈಲಿ ಹೇಳ್ಸಿದ್ದು ನಾನು. ನೀವು ಸರಿಯಾದ ಟೈಮಿಗೇ ಒತ್ತಿದ್ರಿ."

ಅವರು ಲೋಟ ಕೆಳಗಿಟ್ಟರು. ಆಮೇಲೆ, "ಮಗಳು ಮಾತು ಬಿಟ್ಟಿದಾಳೆ. ಗಂಡನ್ನ ಕೊಲ್ತಿದ್ರಲ್ಲ ಅಂದ್ಬಿಟ್ಳು. ನೀವೇ ಬಂದು ಹೇಳ್ತೀರಾ?" ಎಂದರು.

ಎರಡು ಗಲ್ಲಿ ದಾಟಿ ಮಗಳ ಮನೆ. ಬಾಗಿಲು ತೆರೆದವಳು ಅಪ್ಪನನ್ನು ನೋಡಿ ಮುಖ ತಿರುಗಿಸಿದಳು. ಹೊಸ್ತಿಲ ಹೊರಗೆ ನಿಂತೇ ನಾನು ಯಾರು, ಏನು ಬರೆದಿದ್ದೆ, ಅದರಿಂದ ಏನಾಯಿತು ಎಂದು ಹೇಳಿದೆ. ಅವಳು ಸೆರಗಿನ ಅಂಚು ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು.

"ನೀವು ಅಪ್ಪನ ಪಕ್ಕದಲ್ಲೇ ಇದ್ರಾ?"

"ಹೂಂ."

"ಅವ್ರು ಒತ್ತಿದ್ದು ನೋಡಿದ್ರಾ?"

"ನೋಡ್ದೆ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಕಾರಣ ಖಾತ್ರಿಯಾಗಿರಲಿಲ್ಲ ಎನ್ನಬಹುದಿತ್ತು. ಹೆಬ್ಬೆರಳು ಇಳಿದದ್ದನ್ನು ಹೇಳಲು ಯಾವ ಖಾತ್ರಿಯೂ ಬೇಕಿರಲಿಲ್ಲ.

ಅವಳು ಅಪ್ಪನ ತೋಳು ಹಿಡಿದಳು. "ಅಬ್ಬಾ, ಅಂದರ್ ಆವ್," ಎಂದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ನಾನು ಬಸ್‌ ಸ್ಟ್ಯಾಂಡಿನ ಕಡೆ ನಡೆದೆ.