ಮಂದೆಯ ಹೊರಗೆ ನಿಂತ ದಿನ

ನಮ್ಮ ಮನೆಯವರ ಹೆಸರು ಜುಂಜಣ್ಣ. ಅವರು ಇರುವವರೆಗೆ ಆ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ರೇಷನ್ ಅಂಗಡಿಯವನು ಗಂಡನ ಹೆಸರೇನಮ್ಮ ಎಂದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಿದ್ದೆ, ಅವರು ಹೇಳುತ್ತಿದ್ದರು. ಈಗ ನಮ್ಮ ಮನೆಯವರಿಲ್ಲ, ಹೇಳಿದರೆ ಗದರುವವರೂ ಇಲ್ಲ.

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಿಂದ ಬಂಡಿದಾರಿ ಹಿಡಿದು ಒಳಗೆ ಹೋದರೆ ನಮ್ಮ ಹಟ್ಟಿ. ಅವರಿಗೆ ಕುರಿ ಬಿಟ್ಟರೆ ಬೇರೆ ಕೆಲಸ ತಿಳಿಯದು. ಮನುಷ್ಯರ ಹತ್ತಿರ ಮಾತು ಕಡಿಮೆ. ನೆಂಟರು ಬಂದರೆ "ಬರ್ರಿ, ಕುಂತ್ಕಳ್ರಿ" ಅನ್ನುವುದು, ಆಮೇಲೆ ನೆಲ ನೋಡುವುದು. ಕುರಿಗಳ ಹತ್ತಿರ ಮಾತ್ರ ದಿನವಿಡೀ ಮಾತು. ಅವುಗಳಿಗೆ ನೆಂಟರ ಹೆಸರನ್ನೇ ಇಟ್ಟಿದ್ದರು. ಸ್ವಂತ ಅಕ್ಕನ ಹೆಸರಿನ ಕುರಿಯೊಂದು ಬೇಲಿ ಹಾರಿದರೆ, "ಲೇ ಮಲ್ಲಕ್ಕ, ನಿನ್ ಗಂಡಗೆ ಹೇಳ್ತೀನಿ ತಡಿ" ಎಂದು ಕೂಗುವರು. ಆ ಅಕ್ಕನ ಗಂಡ ಮೂರ್ತಪ್ಪಣ್ಣ ಪಕ್ಕದಲ್ಲೇ ತಮ್ಮ ಕುರಿ ಕಾಯುತ್ತಾ, "ಹೇಳಪ್ಪ ಭಾಮೈದ, ನಂಗೂ ಆ ಬೇಲಿ ಹಾರೋಳ ಜತೆ ಸಾಕಾಗೈತೆ" ಅನ್ನುತ್ತಿದ್ದರು. ಮೂರ್ತಪ್ಪಣ್ಣ ಬಾಯಿ ಮುಚ್ಚಿದ್ದನ್ನು ನಾನು ಒಂದೇ ದಿನ ನೋಡಿದ್ದು.

ನಮ್ಮ ಕಡೆ ದೀಪಾವಳಿ ಕಳೆದರೆ ಹುಲ್ಲು ಒಣಗುತ್ತದೆ. ಕುರಿ ಇದ್ದವರು ಮಂದೆ ಹೊಡೆದುಕೊಂಡು ಪಡುವಣಕ್ಕೆ ಹೋಗುತ್ತಾರೆ. ಹೊಸದುರ್ಗ, ಹೊಳಲ್ಕೆರೆ ದಾಟಿ ಭದ್ರಾ ನಾಲೆಯ ಬಯಲಿಗೆ. ಅಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ. ಗದ್ದೆಯವರು ಭತ್ತ ಅಳೆದುಕೊಡುತ್ತಾರೆ, ಕುರಿಗೆ ಹಗಲು ಮೇವು ಸಿಗುತ್ತದೆ. ಯುಗಾದಿಯ ಹೊತ್ತಿಗೆ ತಿರುಗಿ ಬರುವುದು. ಹೋಗುವವರು ಗಂಡಸರು. ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ನಾನೂ ಹೋದೆ. ಆ ವರ್ಷ ಅಣ್ಣತಮ್ಮಂದಿರು ಬೇರೆಯಾಗಿದ್ದರು. ನಮ್ಮ ಪಾಲಿಗೆ ಕುರಿ ಬಂದವು, ಒಂದು ಕತ್ತೆ ಬಂತು, ಮನೆ ಇನ್ನೂ ಎದ್ದಿರಲಿಲ್ಲ. ನನ್ನನ್ನೂ ಕೂಸನ್ನೂ ಬಿಟ್ಟುಹೋಗಲು ಸೂರೇ ಇರಲಿಲ್ಲ. ಮೂರ್ತಪ್ಪಣ್ಣನೂ ತಮ್ಮ ಕುರಿಗಳನ್ನು ನಮ್ಮವುಗಳ ಜೊತೆ ಸೇರಿಸಿಕೊಂಡು ಹೊರಟರು.

ಕೂಸಿಗೆ ನಮ್ಮ ಅತ್ತೆಯ ಹೆಸರು, ಏಕಾಂತಮ್ಮ. ಅತ್ತೆಯ ಹೆಸರನ್ನು ಸೊಸೆ ಕೂಗುವಂತಿಲ್ಲ, ಅದಕ್ಕೆ ನಾನು ಅವ್ವಿ ಅನ್ನುತ್ತಿದ್ದೆ. ಅವರು ಮಾತ್ರ ದೊಡ್ಡವರನ್ನು ಮಾತಾಡಿಸುವ ಹಾಗೆ, "ಏಕಾಂತಮ್ಮನೋರೇ, ಎದ್ರಾ? ಮುದ್ದೆ ಉಂಡ್ರಾ?" ಎಂದು ಕೇಳುವರು. ಅದು ಆಗಷ್ಟೇ ಹೆಜ್ಜೆ ಇಡಲು ಕಲಿತಿತ್ತು. ನಾಲ್ಕು ಹೆಜ್ಜೆ ಹಾಕಿ ಕುರಿಯ ಉಣ್ಣೆ ಹಿಡಿದುಕೊಂಡು ನಿಲ್ಲುತ್ತಿತ್ತು.

ಕತ್ತೆಯ ಬೆನ್ನಿಗೆ ಎರಡು ಕಡೆ ಜಾಳಿಗೆ ಕಟ್ಟಿ, ಒಂದರಲ್ಲಿ ಎಳೆ ಮರಿಗಳು, ಇನ್ನೊಂದರಲ್ಲಿ ಕೂಸು ಮತ್ತು ಪಾತ್ರೆ. ಆದಿವಾಲದಲ್ಲಿ ಬೋರಿಂಗಿನ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ನೋಡಿ, "ಅಯ್ಯೋ ಶಿವನೇ, ಮರಿ ಜತೆ ಮಗೂನೂ ಮಾರಾಕೆ ಹೊಂಟೀರೇನ್ರಿ?" ಎಂದು ನಕ್ಕರು.

"ಮಾರಲ್ಲ ತಾಯಿ, ಬದಲಿಗೆ ಕೊಡ್ತೀವಿ. ನಿಮ್ ಮನ್ಯಾಗೆ ಅಳದೇ ಇರಾದು ಒಂದು ಐತಾ?" ಎಂದರು ಮೂರ್ತಪ್ಪಣ್ಣ.

ಹಿರಿಯೂರಿನಲ್ಲಿ ವೇದಾವತಿ ದಾಟಬೇಕಿತ್ತು. ನೀರು ಮೊಣಕಾಲಷ್ಟೇ, ಆದರೂ ಕುರಿಗಳು ದಡದಲ್ಲಿ ಗುಂಪುಗಟ್ಟಿ ನಿಂತುಬಿಟ್ಟವು. ಮೂರ್ತಪ್ಪಣ್ಣ ಹಿಂದಿನಿಂದ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡರು. ನಮ್ಮವರು ಪಂಚೆ ಎತ್ತಿ ಕಟ್ಟಿ, ಕುರಿಗಳಿಗೆ ಬೆನ್ನು ತಿರುಗಿಸಿ ನೀರಿಗಿಳಿದು ಸುಮ್ಮನೆ ನಡೆದರು. ಒಂದು ಸಲವೂ ಹಿಂದೆ ನೋಡಲಿಲ್ಲ. ಅರ್ಧ ಹೊಳೆ ಹೋದ ಮೇಲೆ ಒಂದು ಕುರಿ ಧುಮುಕಿತು, ಆಮೇಲೆ ಎಲ್ಲವೂ.

"ತಿರುಗಿ ನೋಡಿದ್ರೆ ನಂಗೂ ಭಯ ಐತೆ ಅಂತ ಅವುಕ್ಕೆ ಗೊತ್ತಾಗ್ತೈತೆ" ಎಂದು ಆಚೆ ದಡದಲ್ಲಿ ನನಗೆ ಹೇಳಿದರು.

ಮಾರಿಕಣಿವೆಯ ದಾರಿಯಲ್ಲಿ ಚಳಿ ಶುರುವಾಯಿತು. ಆದರೂ ನನ್ನ ಮದುವೆಯಾದ ಮೇಲೆ ಅಷ್ಟು ಸುಖದ ದಿನಗಳು ಬಂದಿರಲಿಲ್ಲ. ಓರಗಿತ್ತಿಯರಿಲ್ಲ, ಒಲೆಯ ಪಾಳಿಯಿಲ್ಲ. ಮೂರು ಕಲ್ಲಿಟ್ಟರೆ ಅದೇ ಮನೆ. ಹೊಸದುರ್ಗದ ಈಚೆ ಒಂದು ಊರಲ್ಲಿ ಅಣ್ಣತಮ್ಮ ಇಬ್ಬರು ಮಂದೆ ಮೊದಲು ನನ್ನ ಹೊಲಕ್ಕೆ, ನನ್ನ ಹೊಲಕ್ಕೆ ಎಂದು ಜಗಳಕ್ಕೆ ನಿಂತರು. ಮೂರ್ತಪ್ಪಣ್ಣ ನ್ಯಾಯ ಹೇಳಿ ಬದುವಿನ ಆಚೆ ಅರ್ಧ, ಈಚೆ ಅರ್ಧ ಕುರಿ ನಿಲ್ಲಿಸಿದರು. ಬೆಳಗಾಗಿ ನೋಡಿದರೆ ಗಾಳಿಗೆ ಹೆದರಿ ಎಲ್ಲವೂ ತಮ್ಮನ ಹೊಲದಲ್ಲೇ ಒತ್ತಿಕೊಂಡು ಮಲಗಿದ್ದವು. ಅಣ್ಣನಾದವನು, "ಕುರಿಗೂ ಲಂಚ ಕೊಟ್ಟವನೆ ನನ್ಮಗ" ಎಂದು ಬೈದ. ನಾವು ಆ ಊರು ದಾಟುವವರೆಗೆ ನಗು ತಡೆದುಕೊಂಡು, ಆಮೇಲೆ ದಾರಿಯಲ್ಲಿ ಕುಳಿತು ನಕ್ಕೆವು. ಯಾಕೆಂದು ತಿಳಿಯದೆ ಕೂಸೂ ಕೈ ತಟ್ಟಿತು.

ಹೊಸದುರ್ಗ ಬಿಟ್ಟ ಮೇಲೆ ಮುಂಜಾವಿನ ಮಂಜು ಹೆಚ್ಚಾಯಿತು. ಕೂಸಿಗೆ ಕೆಮ್ಮು ಹತ್ತಿತು. ವೀಳ್ಯದೆಲೆ ಬಿಸಿ ಮಾಡಿ ಎದೆಗೆ ಹಾಕಿದೆ, ತುಳಸಿ ರಸ ಹಿಂಡಿದೆ. ಹೊಳಲ್ಕೆರೆ ಮುಟ್ಟುವ ಹೊತ್ತಿಗೆ ಉಸಿರು ಎಳೆದರೆ ಪಕ್ಕೆ ಗುಳಿ ಬೀಳುತ್ತಿತ್ತು. ಅಲ್ಲಿ ಉಣ್ಣೆ ಕೊಳ್ಳುವ ಮೌಲಾ ಸಾಬರು ನಮ್ಮವರಿಗೆ ಹಳೆಯ ಪರಿಚಯ. ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎದೆ ಕಟ್ಟಿದೆ, ದಿನವೂ ಇಂಜೆಕ್ಷನ್ ಆಗಬೇಕು, ಬಯಲಲ್ಲಿ ಮಲಗಿಸಬೇಡಿ ಎಂದರು ಡಾಕ್ಟರು.

ಮಂದೆ ಪೇಟೆಯ ಹತ್ತಿರ ನಿಲ್ಲುವಂತಿರಲಿಲ್ಲ. ಮೇವಿಲ್ಲ, ಕುರಿಗಳು ಹಸಿದು ಒಂದರ ಉಣ್ಣೆ ಒಂದು ಕಚ್ಚುತ್ತಿದ್ದವು. ಮೌಲಾ ಸಾಬರ ಹೆಂಡತಿ ನೂರುನ್ನೀಸಾ, "ಅಮ್ಮ, ಮಗು ಇಬ್ರೂ ಇಲ್ಲೇ ಇರ್ಲಿ. ನೀನು ಕುರಿ ನೋಡಪ್ಪ" ಎಂದು ಪಡಸಾಲೆಯಲ್ಲಿ ಜಾಗ ಮಾಡಿಕೊಟ್ಟರು. ಇವರು ಹೊಸಿಲಾಚೆ ಕಾಲ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತರು.

"ನೀವು ಹೋಗ್ರಿ. ಉಸಿರು ಸಡ್ಲ ಆದ್ ಕೂಡ್ಲೆ ಹಿಂದೇನೇ ಬರ್ತೀನಿ" ಎಂದೆ. "ಎಲ್ಲಿ ಅಂತ ಹುಡುಕ್ಲಿ?"

"ಹಿಕ್ಕೆ ನೋಡ್ಕಂಡು ಬಾ" ಎಂದು ನಕ್ಕರು. ಆಮೇಲೆ ಬಗ್ಗಿ ಕೂಸಿನ ಕಿವಿಯ ಹತ್ತಿರ, "ಏಕಾಂತಮ್ಮನೋರೇ, ಬೇಗ ಬರ್ರಿ, ಮರಿಗಳು ಕೇಳ್ತಾವೆ" ಎಂದು ಹೇಳಿ ಬೀದಿಗೆ ಇಳಿದರು. ತಿರುಗಿ ನೋಡದೆ ಹೋದರು.

ಇಂಜೆಕ್ಷನ್ ಆದ ಎರಡು ದಿನ ಕೂಸು ಕಣ್ಣು ಬಿಟ್ಟು ನೋಡಿತು. ಎಳ್ಳಮಾಸೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನನ್ನ ತೊಡೆಯ ಮೇಲೆ ಹಾಲು ಗುಟುಕರಿಸುತ್ತಾ ಹಾಗೆಯೇ ಬಿಟ್ಟಿತು. ಹಾಲು ಕಟಬಾಯಲ್ಲಿ ಇಳಿಯಿತು. ಒರೆಸಿದೆ. ಮತ್ತೆ ಇಳಿಯಿತು.

ಮೌಲಾ ಸಾಬರು ಆ ಬೀದಿಯ ನಮ್ಮ ಜಾತಿಯವರಲ್ಲೇ ಒಬ್ಬ ಹಿರಿಯರನ್ನು ಕರೆತಂದು, ನಮ್ಮ ಕಡೆಯ ಕ್ರಮದಂತೆಯೇ ಮಣ್ಣು ಮಾಡಿಸಿದರು. ನನಗೆ ಅಳು ಬರಲಿಲ್ಲ. ನೂರುನ್ನೀಸಾ ಬೆನ್ನು ಸವರುತ್ತಾ, "ಅತ್ತುಬಿಡು ಬೇಟಿ, ಹಿಂಗೆ ಕುಂತ್ರೆ ಎದೆ ಒಡೀತದೆ" ಎಂದರು. ಹೇಗೆ ಅಳಲಿ? ನಮ್ಮ ಮನೆಯವರ ಪಾಲಿಗೆ ಕೂಸು ಇನ್ನೂ ಬದುಕೇ ಇತ್ತು. ಯಾವುದೋ ಬಯಲಿನಲ್ಲಿ ನಿಂತು ಕುರಿಗಳಿಗೆ ಅದರ ಸುದ್ದಿ ಹೇಳುತ್ತಿರುತ್ತಾರೆ. ಅವರನ್ನು ಬಿಟ್ಟು ನಾನೊಬ್ಬಳೇ ಅಳುವುದು ಹೇಗೆ? ಅವರ ಬಳಿ ಹೋಗಿ ಕೂರಬೇಕು, ಆಮೇಲೆ ಏನಾದರೂ ಆಗಲಿ ಎನ್ನುವುದೊಂದೇ ನನಗೆ ತಿಳಿಯುತ್ತಿದ್ದುದು.

ಆದರೆ ಬಳಿ ಹೋಗುವುದೇ ಕಷ್ಟವಿತ್ತು. ನಮ್ಮಲ್ಲಿ ಮಂದೆ ಎಂದರೆ ದೇವರ ಗುಡಿಯ ಹಾಗೆ. ಮೆಟ್ಟು ಹಾಕಿ ಒಳಗೆ ಹೋಗುವುದಿಲ್ಲ. ಸಾವಿನ ಸೂತಕದವರು ಕುರಿ ಮುಟ್ಟುವುದಿರಲಿ, ಮಂದೆ ನಿಂತ ಹೊಲಕ್ಕೆ ಕಾಲಿಡುವುದಿಲ್ಲ. ಇಟ್ಟರೆ ಕುರಿಗೆ ರೋಗ ಬೀಳುತ್ತದೆ ಎಂದು ನಂಬಿಕೆ. ನೂರುನ್ನೀಸಾಗೂ ಇದು ಗೊತ್ತಿತ್ತು. "ನಿಮ್ ಸೂತಕ ಕಳೀಲಿ, ಆಮೇಲೆ ಹೋಗು" ಎಂದರು. ನಾನು ಕೇಳದೆ, ಮಾರನೆಯ ಬೆಳಿಗ್ಗೆಯೇ ನನ್ನ ಬಳಿ ಉಳಿದಿದ್ದ ಪಾತ್ರೆಗಳನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಹೊರಟೆ. ಅವರು ಜೋಳದ ರೊಟ್ಟಿ ಕಟ್ಟಿಕೊಟ್ಟು, ಬೀದಿಯ ಕೊನೆಯವರೆಗೆ ಜೊತೆಗೆ ಬಂದರು.

ಹಿಕ್ಕೆ ನೋಡಿಕೊಂಡೇ ಹೋದೆ. ಚಿಕ್ಕಜಾಜೂರಿನ ಹತ್ತಿರ ಕುರಿ ನಿಂತ ಹೊಲ ಸಿಕ್ಕಿತು; ಹಿಕ್ಕೆ ಒಣಗಿ ಪುಡಿಯಾಗುತ್ತಿತ್ತು. ಮುಂದೆ ನಾಲೆಯ ಬಯಲಿಗೆ ಇಳಿದ ಮೇಲೆ ಇನ್ನೊಂದು ಗದ್ದೆ, ಅಲ್ಲಿ ಹಿಕ್ಕೆ ಒಡೆದರೆ ಒಳಗೆ ಹಸಿ ಇತ್ತು. ಬದುವಿನ ಮೇಲೆ ಎತ್ತು ಮೇಯಿಸುತ್ತಿದ್ದ ಮುದುಕನನ್ನು ಕೇಳಿದೆ.

"ಹಿರಿಯೂರ್ ಕಡೆಯೋರಾ? ನೆನ್ನೆ ಎದ್ದು ಹೋದ್ರಲ್ಲ. ಒಬ್ಬ ಬಾಯ್ಬಡ್ಕ, ಒಬ್ಬ ಮೂಗ."

"ಮೂಗ ಅಲ್ಲ ತಾತ."

"ಅಲ್ಲ ಬಿಡು. ಕುರಿ ಹತ್ರ ಮಾತಾಡ್ತಾನೆ, ನಾನೂ ಕೇಳೀನಿ. ಏಕಾಂತಮ್ಮ ಬರ್ತಾಳೆ, ಏಕಾಂತಮ್ಮ ಬರ್ತಾಳೆ ಅಂತಿದ್ದ. ನೀನೇ ಏನಮ್ಮ ಏಕಾಂತಮ್ಮ?"

"ಅಲ್ಲ" ಎಂದು ಹೇಳಿ ಮುಂದೆ ನಡೆದೆ.

ಮಂದೆ ಸಿಕ್ಕಿದ್ದು ಮಾರನೆಯ ದಿನ, ಬಿಸಿಲು ಏರುವ ಹೊತ್ತಿಗೆ. ಭತ್ತ ಕೊಯ್ದ ದೊಡ್ಡ ಗದ್ದೆ. ಕುರಿಗಳು ಆಗ ತಾನೇ ಏಳುತ್ತಿದ್ದವು. ನಮ್ಮವರು ನಡುವೆ ನಿಂತು ಒಂದು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದರು. ನಾನು ಗದ್ದೆಯ ಆಚೆ ಬದುವಿನ ಮೇಲೆ ನಿಂತೆ. ಇಳಿಯಲಿಲ್ಲ.

ಮೊದಲು ನೋಡಿದವರು ಮೂರ್ತಪ್ಪಣ್ಣ. "ಓ, ಬಂದ್ಳು ನಮ್ ತಂಗಿ! ಯಾಕವ್ವ ಅಲ್ಲೇ ನಿಂತೆ? ನಾಕು ದಿನ ಪ್ಯಾಟೇಲಿದ್ದಿದ್ಕೇ ಕುರಿ ನಾತ ಆಗದಂಗಾಯ್ತಾ?"

ಇವರು ತಲೆಯೆತ್ತಿದರು. ಮುಖ ಅರಳಿತು. ನಾನು ನಿಂತಲ್ಲೇ ನಿಂತಿದ್ದೆ. ತಿಂಗಳ ಹೊರಗೆ ಇದ್ದೇನೆ ಎಂದುಕೊಂಡರೇನೋ. ಆಗಲೂ ಹೆಂಗಸರು ಮಂದೆಯ ಬಳಿ ಬರುವುದಿಲ್ಲ.

"ನೀನು ಬರದಿದ್ರೆ ಬ್ಯಾಡ" ಎಂದು ಕೂಗಿದರು. "ಏಕಾಂತಮ್ಮನೋರ್ನ ಕೆಳಗಿಳ್ಸು. ನಡ್ಕಂಡು ಬರ್ಲಿ, ನಾನು ಎತ್ಕಂತೀನಿ."

ನನ್ನ ಬೆನ್ನ ಮೇಲಿನ ಗಂಟನ್ನು ಅವರು ಕೂಸು ಎಂದುಕೊಂಡಿದ್ದರು. ಎರಡು ಕೈ ಚಾಚಿ ಕುಕ್ಕರಗಾಲಲ್ಲಿ ಕೂತರು. ಗಂಟು ಬಿಚ್ಚಿ ಬದುವಿನ ಮೇಲೆ ಇಳಿಸಲು ಹೋದೆ, ಕೈ ಜಾರಿತು. ಪಾತ್ರೆಗಳು ಸದ್ದು ಮಾಡುತ್ತಾ ಗದ್ದೆಗೆ ಉರುಳಿದವು.

ಅವರು ಕೂತಲ್ಲೇ ಆ ಪಾತ್ರೆಗಳನ್ನು ನೋಡಿದರು. ನನ್ನನ್ನು ನೋಡಿದರು. ಚಾಚಿದ ಕೈ ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಎದ್ದು, ಹೆಗಲಿಗೆ ಆನಿಸಿಕೊಂಡಿದ್ದ ಕೋಲನ್ನು ನೆಲಕ್ಕಿಟ್ಟು, ಕುರಿಗಳಿಗೆ ತಾಗದ ಹಾಗೆ ಮೈ ಒತ್ತಿಕೊಂಡು ಮಂದೆಯಿಂದ ಹೊರಗೆ ಹೊರಟರು. ಕೂಸಿನ ತಂದೆ, ತಿಳಿದ ಗಳಿಗೆಯಿಂದ ಅವರಿಗೂ ಸೂತಕ. ಮೂರ್ತಪ್ಪಣ್ಣ ಬೇರೆ ಮನೆತನದವರು, ಅವರಿಗೆ ಸೂತಕ ತಾಗದು, ಮಂದೆ ಅವರ ಕೈಗೆ ಬಿಟ್ಟ ಹಾಗೆ.

ಆದರೆ ಕುರಿಗಳಿಗೆ ಇದೆಲ್ಲ ಯಾರು ಹೇಳಬೇಕು? ಅವರು ಬೆನ್ನು ತಿರುಗಿಸಿ ನಡೆದದ್ದೇ ತಡ, ಎಲ್ಲವೂ ಎದ್ದು ಹಿಂದೆ ಹೊರಟವು. ಮೂರ್ತಪ್ಪಣ್ಣ "ಹೇ ಹೇ" ಎಂದು ಅಡ್ಡ ಹೋದರೆ ಕಾಲ ಸಂದಿಯಲ್ಲಿ ನುಗ್ಗಿದವು. ನನ್ನ ಮೇಲೆ ಬರುತ್ತವೆ ಎಂದು ಇವರು ದಿಕ್ಕು ಬದಲಿಸಿ ನಾಲೆಯ ಕಡೆ ತಿರುಗಿದರು. ಅವೂ ತಿರುಗಿದವು. ಇವರು ಓಡಿದರು. ಅವೂ ಓಡಿದವು. ಆಚೆ ಗದ್ದೆಯಲ್ಲಿ ಹುಲ್ಲು ಕಟ್ಟುತ್ತಿದ್ದ ಆಳುಗಳು ಸೊಂಟದ ಮೇಲೆ ಕೈಯಿಟ್ಟು, "ನೋಡ್ರೋ, ಕುರಿ ಕಾಯೋನ್ನ ಕುರೀನೇ ಅಟ್ಟಿಸ್ಕಂಡ್ ಹೊಂಟವೆ!" ಎಂದು ನಕ್ಕರು. ಅವರಿಗೇನು ಗೊತ್ತು, ಪಾಪ.

ನಾಲೆಯ ಏರಿ ಅಡ್ಡ ಬಂತು. ಇವರು ತಿರುಗಿ ನಿಂತು, "ಬರಬ್ಯಾಡ್ರೋ, ಮುಟ್ಟಬ್ಯಾಡ್ರೋ" ಎಂದು ಕೈ ಬೀಸಿದರು. ಕುರಿಗಳು ಕೈ ಮೂಸಿದವು. ಅವರು ಅಲ್ಲೇ ಕೂತುಬಿಟ್ಟರು. ಸುತ್ತಲೂ ಕುರಿ, ನಡುವೆ ಅವರ ತಲೆಯ ಮುಂಡಾಸು ಮಾತ್ರ ಕಾಣುತ್ತಿತ್ತು.

ನಾನು ಬದುವಿನ ಮೇಲೇ ಇದ್ದೆ. ಊರೂರು ಹುಡುಕಿ ಬಂದವಳು, ಕಣ್ಣೆದುರಿಗೆ ಇದ್ದವರ ಬಳಿ ಹೋಗುವಂತಿರಲಿಲ್ಲ. ಮೂರ್ತಪ್ಪಣ್ಣ ನನ್ನ ಕಡೆ ಬಂದರು. ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಕೊನೆಗೆ, "ಹೋಗವ್ವ" ಎಂದರು. "ಅವ್ನೊಬ್ನೇ ಅವ್ನೆ."

"ಮಂದೆ, ಅಣ್ಣ..."

"ಹೋಗು ಅಂದ್ನಲ್ಲ. ದ್ಯಾವ್ರು ಕೇಳಿದ್ರೆ ನಾನು ಹೇಳ್ಕಂತೀನಿ."

ಬದು ಇಳಿದೆ. ಕುರಿಗಳು ದಾರಿ ಬಿಟ್ಟವು. ಅವರ ಪಕ್ಕದಲ್ಲಿ ಹೋಗಿ ಕೂತೆ. ಖಾಲಿಯಾದ ಕಂಬಳಿ ನನ್ನ ಕೈಯಲ್ಲೇ ಎಳೆದುಕೊಂಡು ಬಂದಿತ್ತು.

"ಎಲ್ಲಿ?" ಎಂದರು.

"ಹೊಳಲ್ಕೆರೇಲಿ. ಕೆರೆ ಏರಿ ಕೆಳಗೆ."

"ಹೊದಿಸಿದ್ರಾ?"

"ಹೂಂ. ಈ ಕಂಬಳೀನೇ ಅರ್ಧ ಕತ್ತರಿಸಿ ಹೊದಿಸಿದ್ವಿ."

ಕಂಬಳಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಕತ್ತರಿಸಿದ ಅಂಚಿನಲ್ಲಿ ಎಳೆಗಳು ಬಿಟ್ಟುಕೊಂಡು ಜೋತಾಡುತ್ತಿದ್ದವು. ಎರಡೆರಡು ಎಳೆ ಹಿಡಿದು ಗಂಟು ಹಾಕಲು ಶುರು ಮಾಡಿದರು.

"ಹಂಗೇ ಬಿಟ್ರೆ ಎಲ್ಲಾ ಬಿಚ್ಕಂಡು ಹೋಗ್ತೈತೆ" ಎಂದರು.

ನಾನು ಇನ್ನೊಂದು ತುದಿಯಿಂದ ಗಂಟು ಹಾಕುತ್ತಾ ಬಂದೆ. ಅಷ್ಟು ದಿನ ಬಾರದ ಅಳು ಆಗ ಬಂತು. ಕುರಿಗಳು ಮೇಯಲು ಹೋಗದೆ ನಮ್ಮನ್ನು ಸುತ್ತಿಕೊಂಡು ನಿಂತಿದ್ದವು. ಮೂರ್ತಪ್ಪಣ್ಣ ಅವನ್ನು ಕರೆಯಲಿಲ್ಲ.